ಬಿಳಿ ಬಟ್ಟೆ ಹೊದ್ದ ಸಾಮಾನುಗಳು

ಉಗಾರ ಬುದ್ರುಕದ ನನ್ನ ಸೋದರಮಾವ ದೊಡ್ಡ ಶ್ರೀಮಂತರೆಂದು ಯಾರಾದರೂ ಹೇಳಿದರೆ ನಂಬಬೇಡಿ. ಅವರು ಸಾಮಾನುಗಳ ಕಾವಲುಗಾರರು! ಕಬ್ಬು ಚೆನ್ನಾಗಿ ಬಂದ ವರ್ಷ ಮನೆಗೆ ಏನಾದರೊಂದು ಹೊಸದು ಬರುತ್ತಿತ್ತು. ಬಂದ ದಿನವೇ ಅದಕ್ಕೊಂದು ಬಿಳಿ ಬಟ್ಟೆ ಹೊದಿಸುತ್ತಿದ್ದರು. ಆಮೇಲೆ ಅದನ್ನು ತೆಗೆದವರುಂಟೇ?

ಚಿಕ್ಕೋಡಿಯಿಂದ ಬಣ್ಣದ ಟಿ.ವಿ. ತಂದರು. ಭಾನುವಾರ ಬಂತೆಂದರೆ ಪಕ್ಕದ ಮನೆಯ ಕಪ್ಪುಬಿಳುಪು ಟಿ.ವಿ. ಮುಂದೆ ಹೋಗಿ ಕೂರುತ್ತಿದ್ದರು!

“ಮಾಮಾ, ನಮ್ಮ ಮನ್ಯಾಗೂ ಐತಲ್ಲ?”

“ನಮ್ಮದು ಸವೀತೈತಿ ಲೇ!”

ನಗುತ್ತೀರಲ್ಲ? ಮಾವನ ಆ ಪಡಸಾಲೆಯಲ್ಲಿ ಒಬ್ಬರೇ ಕೂತಿದ್ದರೆ ನಗುತ್ತಿರಲಿಲ್ಲ. ಬಿಸಿಲಿಗೆ ಬಣ್ಣ ಹೋದೀತೆಂದು ಕಿಟಕಿಗಳೆಲ್ಲ ಮುಚ್ಚಿರುತ್ತಿದ್ದವು. ಆ ಮಬ್ಬಿನಲ್ಲಿ ಫ್ರಿಜ್ಜು, ಕಪಾಟು, ಸೋಫಾ, ಹೊಲಿಗೆ ಯಂತ್ರ ಎಲ್ಲವೂ ತಲೆತನಕ ಬಿಳಿ ಹೊದ್ದು, ಯಾರದೋ ಹೆಣ ಎತ್ತಲು ಬಂದವರಂತೆ ಸುಮ್ಮನೆ ಕಾಯುತ್ತಿದ್ದವು. ಅವುಗಳ ನಡುವೆ ನಮ್ಮತ್ತೆ ಮೈ ತಗಲದಂತೆ, ಸದ್ದಿಲ್ಲದೆ ಓಡಾಡುತ್ತಿದ್ದರು.

ನಾನು ಕಾಲೇಜಿನ ರಜೆಗೆ ಹೋಗಿದ್ದಾಗ ಒಂದು ಮಧ್ಯಾಹ್ನ ಮಾವ ನಿಪ್ಪಾಣಿಯಿಂದ ಮಿಕ್ಸರ್ ತಂದರು. ಪೆಟ್ಟಿಗೆ ಹಿಡಿದು ನಾನು ಅವರ ಹಿಂದೆಯೇ ಒಳಗೆ ಬಂದೆ. ಮೂಲೆಯಲ್ಲಿ, ನೆಲದ ಮೇಲೆ, ಉದ್ದಕ್ಕೆ ಇನ್ನೊಂದು ಬಿಳಿ ಬಟ್ಟೆ! ಮಾವ ಗಕ್ಕನೆ ನಿಂತರು.

“ಇದ ಯಾವ ಸಾಮಾನೋ? ನಾ ಯಾವಾಗ ತಂದೆ ಇದನ್ನ?”

ಬಟ್ಟೆ ಮೆಲ್ಲಗೆ ಏರಿತು, ಇಳಿಯಿತು. ನನ್ನ ಕೈಯ ಪೆಟ್ಟಿಗೆ ಜಾರಿತು.

“ನಾ ಅದೀನ್ರಿ,” ಎಂದಿತು ಬಟ್ಟೆ. “ಬಿಸಲಾಗ ಖಾರಾ ಕುಟ್ಟಾಕತ್ತಿದ್ನಿ, ಚಕ್ಕರ ಬಂತು. ನೊಣಾ ಭಾಳ ಅದಾವಂತ ಹೊದ್ಕೊಂಡೇನಿ. ಸೋಫಾ ಮುಟ್ಟಿಲ್ರಿ.”

ಮಾವ ಮುಸುಕು ಸರಿಸಿದರು. ಅತ್ತೆಯ ಮುಖ ಬೆವರಿನಲ್ಲಿ ತೊಯ್ದು ಬಿಳಿಚಿಕೊಂಡಿತ್ತು. ಮಾವ ಅತ್ತೆಯನ್ನು ಎತ್ತಿ ಸೋಫಾದ ಮೇಲೆ ಮಲಗಿಸಿದರು. ಟೇಬಲ್ ಫ್ಯಾನಿನ ಬಟ್ಟೆ ಕಿತ್ತೆಸೆದು ಗುಂಡಿ ಒತ್ತಿದರು. ಗಾಳಿಗೆ ಕೋಣೆಯ ಬಿಳಿ ಬಟ್ಟೆಗಳೆಲ್ಲ ಒಮ್ಮೆಲೇ ಎದ್ದು ನಮ್ಮ ಕಡೆ ನಡೆದು ಬಂದಂತಾಯಿತು. ನಾನು ಎರಡು ಹೆಜ್ಜೆ ಹಿಂದೆ ಸರಿದೆ. ಮಾವ ಅತ್ತ ನೋಡಲೂ ಇಲ್ಲ.

“ನಿಂತೇನ ನೋಡ್ತಿ? ಓಡು, ಡಾಕ್ಟರನ್ನ ಕರ್ಕೊಂಡ ಬಾ!”

ನಾನು ಡಾಕ್ಟರೊಂದಿಗೆ ಮರಳಿದಾಗ ಮಾವ ನೆಲದ ಮೇಲೆ ಕೂತು ಅತ್ತೆಯ ಅಂಗಾಲು ತಿಕ್ಕುತ್ತಿದ್ದರು.

“ಇಷ್ಟ ವರ್ಸದಾಗ ನಿನಗ ಏನ ಬೇಕಂತ ನಾ ಒಮ್ಮಿನೂ ಕೇಳಲಿಲ್ಲಲಾ. ಹೇಳು, ಏನ ಬೇಕು?”

ಅತ್ತೆ ಕಣ್ಣು ತೆರೆಯದೆ ಹೇಳಿದರು: “ನಿಮ್ಮ ಕೈ ತಣ್ಣಗದಾವ್ರಿ. ಹಣಿ ಮ್ಯಾಲ ಇಡ್ರಿ, ಸಾಕು.”

ಬಿಸಿಲಿನ ಝಳ, ಎರಡು ದಿನದಲ್ಲಿ ಆರಾಮಾಗುತ್ತಾರೆ ಎಂದು ಹೇಳಿ ಡಾಕ್ಟರು ಹೊರಟರು. ಮನೆಗೆ ಬಂದವರನ್ನು ಬಾಗಿಲವರೆಗೆ ಬಿಟ್ಟು ಬರುವುದು ಮಾವನ ಪದ್ಧತಿ. ಅಂದು ಮಾತ್ರ ಅವರು ಏಳಲಿಲ್ಲ. ಅತ್ತೆಯ ಹಣೆಯ ಮೇಲಿಟ್ಟಿದ್ದ ಕೈ ತೆಗೆಯಲಿಲ್ಲ.