ಭಾವನಿಗೆ ಕೆಲಸ ಸಿಗಲಿಲ್ಲ

ನನ್ನ ಅಕ್ಕನ ಗಂಡನಷ್ಟು ಬುದ್ಧಿವಂತರು ಮೂರ್ನಾಡಿನ ಸುತ್ತಮುತ್ತ ಇನ್ನೊಬ್ಬರಿಲ್ಲ. ಈ ಮಾತನ್ನು ಒಪ್ಪದವರೂ ಇದ್ದಾರೆ. ಅವರೆಲ್ಲ ಭಾವನ ಜೊತೆ ಒಂದು ವಾರ ಕಳೆದವರು!

ಭಾವ ಐದು ವರ್ಷ ಆಫ್ರಿಕಾದ ಮೊಂಬಾಸಾದಲ್ಲಿ ಒಂದು ಹಡಗು ಕಂಪನಿಯ ಆಫೀಸಿನಲ್ಲಿದ್ದು, ಕರಾರು ಮುಗಿದು ಊರಿಗೆ ಬಂದಿದ್ದರು. ಅಲ್ಲಿ ಎಂಥ ಕೆಲಸ ಎಂದು ಯಾರಾದರೂ ಕೇಳಿದರೆ, ಬಲು ಗಂಭೀರವಾಗಿ "ಕಾರ್ಡಿಗೆ ತೂತು ಹಾಕುದು" ಎನ್ನುತ್ತಿದ್ದರು. ದಪ್ಪ ಕಾರ್ಡಿನಲ್ಲಿ ಸರಿಯಾದ ಜಾಗದಲ್ಲಿ ತೂತು ಹಾಕಿ ಯಂತ್ರದ ಬಾಯಿಗೆ ಕೊಟ್ಟರೆ, ಯಾವ ಪೆಟ್ಟಿಗೆ ಯಾವ ಹಡಗಿನಲ್ಲಿದೆ ಎಂದು ಅದು ಆರಿಸಿ ಕೊಡುತ್ತಿತ್ತಂತೆ. ಯಾವ ತೂತು ಎಲ್ಲಿರಬೇಕು ಎಂದು ಯೋಚಿಸುವುದೇ ಭಾವನ ಕೆಲಸ. ಪಕ್ಕದ ಮನೆಯ ಅಜ್ಜ ಇದನ್ನೆಲ್ಲ ಕೇಳಿ, "ತೂತು ಹಾಕ್ಲಿಕೆ ಸಮುದ್ರ ದಾಟಿ ಹೋಗ್ಬೇಕಾ? ನಮ್ಮಲ್ಲೇ ಬೇಕಾದಷ್ಟು ಇಲಿ ಉಟ್ಟಲ್ಲಾ?" ಅಂದುಬಿಟ್ಟರು.

ಅಂಥ ಯಂತ್ರ ಕೊಡಗಿನಲ್ಲಿ ಎಲ್ಲಿಂದ ಬರಬೇಕು? ಭಾವ ನಮ್ಮ ಮನೆಯ ಜಗಲಿಯಲ್ಲಿ ಟೈಪ್‌ರೈಟರ್ ಇಟ್ಟುಕೊಂಡು ಸಿಂಗಾಪುರ, ಏಡನ್, ಮತ್ತೆ ಮೊಂಬಾಸಾ ಎಂದು ಅರ್ಜಿ ಕುಟ್ಟತೊಡಗಿದರು. ಅಕ್ಕನಿಗೆ ಅದೇ ಚಿಂತೆ. ಗಂಡನನ್ನು ಕೂರಿಸಿಕೊಂಡು ತವರಿನಲ್ಲಿ ಎಷ್ಟು ದಿನ ಇರುವುದು?

ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಅರ್ಜಿಗೆ ಉತ್ತರ ಬರುವವರೆಗೆ ಭಾವ ಊರಿನ ಮದುವೆಗಳಿಗೆ ಕೈಹಾಕಿದರು! ಹಳೆಯ ಲಗ್ನಪತ್ರಿಕೆಗಳನ್ನು ಕತ್ತರಿಸಿ, ಒಬ್ಬೊಬ್ಬ ಗಂಡಿಗೂ ಒಂದೊಂದು ಕಾರ್ಡು ಮಾಡಿದರು. ಅಂಚಿನುದ್ದಕ್ಕೂ ವಯಸ್ಸಿಗೊಂದು, ಓದಿಗೊಂದು, ಗದ್ದೆಗೊಂದು, ಕಾಫಿ ತೋಟಕ್ಕೊಂದು ತೂತು. ಗಂಡಿಗೆ ಅದು ಇದ್ದರೆ ಆ ತೂತನ್ನು ಅಂಚಿನವರೆಗೆ ಸೀಳಿಬಿಡುವುದು. ಮುರಿದ ಕೊಡೆಯ ಕಡ್ಡಿಯನ್ನು ಇಡೀ ಕಾರ್ಡಿನ ಕಟ್ಟಿನ ಒಂದು ತೂತಿಗೆ ತೂರಿಸಿ ಕೊಡವಿದರೆ, ಬೇಕಾದ ಗಂಡು ತಾನಾಗಿ ಕೆಳಗೆ ಉದುರುತ್ತಾನೆ!

ನಾಪೋಕ್ಲಿನ ನಮ್ಮ ಅತ್ತೆಯ ಮಗಳಿಗಾಗಿ ಭಾವ ಕಡ್ಡಿ ಕೊಡವಿದರು. ಒಬ್ಬ ಉದುರಿದ. ಓದಿದವನು, ಗದ್ದೆ ಇದ್ದವನು. ಅತ್ತೆ ಹಿಗ್ಗಿ ಹೇಳಿಕಳಿಸಿದರು, ಗಂಡಿನ ಕಡೆಯವರೂ ಬಂದರು. ಒಲೆಯ ಮೇಲೆ ಹಂದಿ ಸಾರು ಕುದಿಯುತ್ತಿತ್ತು. ಹಿರಿಯರೊಬ್ಬರು ಎಲೆಯಡಿಕೆ ಹಾಕಿಕೊಳ್ಳುತ್ತಾ, "ನಿಮ್ಮ ಬಳಿ ಯಾವುದು?" ಎಂದರು. ಅತ್ತೆ ಹೇಳಿದರು. ಹಿರಿಯರು ಎಲೆಯಡಿಕೆಯ ತಟ್ಟೆ ಆಚೆ ಸರಿಸಿದರು. ಎರಡೂ ಒಂದೇ ಬಳಿ! ಬಳಿ ಎಂದರೆ ಗೋತ್ರವಿದ್ದ ಹಾಗೆ, ನಮ್ಮವರಲ್ಲಿ ಒಂದೇ ಬಳಿಯವರೆಂದರೆ ಅಣ್ಣ ತಂಗಿಯರು. ಮೊಂಬಾಸಾದ ಪೆಟ್ಟಿಗೆಗಳಿಗೆ ಬಳಿ ಇರಲಿಲ್ಲ ನೋಡಿ, ಅಲ್ಲಿನ ಅಭ್ಯಾಸದಲ್ಲಿ ಭಾವ ಆ ತೂತನ್ನೇ ಮರೆತಿದ್ದರು. ಬಂದವರು ಕಡುಬು, ಹಂದಿ ಸಾರು ಚೆನ್ನಾಗಿಯೇ ಉಂಡರು. ಹೊರಡುವಾಗ ಗಂಡು ನಮ್ಮ ಹುಡುಗಿಗೆ, "ಬರ್ತೇನೆ ತಂಗೀ" ಎಂದು ಹೇಳಿಯೇ ಹೋದ.

ಇನ್ನು ಇಂಟರ್‌ವ್ಯೂ ತಾಲೀಮು! ನಾನು ಶಾಲೆಗೆ ಹೊರಡುವ ಮೊದಲು ಕುರ್ಚಿಯಲ್ಲಿ ಬಿಳಿ ದೊರೆಯಾಗಿ ಕೂರಬೇಕು. ಸ್ಕೂಲ್ ಮೇಷ್ಟ್ರಾದ ನನಗೆ ಅಷ್ಟಾದರೂ ಇಂಗ್ಲಿಷ್ ಬರುತ್ತದೆ ಎಂಬ ನಂಬಿಕೆ ಭಾವನದು. ಅವರು ಕೋಟು, ಟೈ ಹಾಕಿ, ಕೆಳಗೆ ಪಂಚೆಯಲ್ಲೇ ಬಂದು ಸಲಾಮು ಹೊಡೆಯುತ್ತಿದ್ದರು. ಒಂದು ದಿನ ಅಕ್ಕ ಪೊರಕೆ ಹಿಡಿದು ಬಂದು, "ದೊರೆಗಳು ಸ್ವಲ್ಪ ಕಾಲು ಎತ್ತಿ, ಗುಡಿಸ್ಬೇಕು" ಎಂದಳು.

ಉತ್ತರಗಳು ಬಂದವು. ಪ್ರತಿ ಸಲವೂ ಭಾವ ಕಾಗದ ಓದಿ, ಮಡಿಸಿ, "ಇಲ್ಲೆ, ಇದೂ ಆಗಿಲ್ಲೆ" ಎನ್ನುತ್ತಿದ್ದರು. ಅಕ್ಕ ಮುಖ ಸಪ್ಪೆ ಮಾಡಿ ಒಳಗೆ ಹೋಗುತ್ತಿದ್ದಳು. ನಾನು, "ಭಾವ, ನಿಮ್ಮ ಕಾರ್ಡಲ್ಲಿ ಅದೃಷ್ಟಕ್ಕೆ ತೂತು ಇಲ್ವೇನೋ" ಎಂದು ಕಿಚಾಯಿಸುತ್ತಿದ್ದೆ.

ಆಟಿ ತಿಂಗಳ ಮಳೆಯಲ್ಲಿ ಬಂದ ಒಂದು ಕಾಗದ ನೆನೆದು ಲಕೋಟೆ ಬಿಚ್ಚಿಹೋಗಿತ್ತು. ಭಾವ ಮನೆಯಲ್ಲಿರಲಿಲ್ಲ. ನಾನೇ ಅದನ್ನು ಒಲೆಯ ಹತ್ತಿರ ಒಣಗಲು ಹರಡಿದೆ. ಹರಡಿದ ಮೇಲೆ ಕಣ್ಣು ಬೀಳದೆ ಇರುತ್ತದೆಯೇ? ಮೊಂಬಾಸಾದ ಕಂಪನಿ ಬರೆದಿತ್ತು: ನೀವು ಎರಡು ಸಲ ಬೇಡವೆಂದರೂ ಮತ್ತೆ ಕೇಳುತ್ತಿದ್ದೇವೆ, ನಿಮ್ಮಂಥ ಕೆಲಸಗಾರ ನಮಗೆ ಸಿಕ್ಕಿಲ್ಲ, ಸಂಬಳ ಹೆಚ್ಚಿಸುತ್ತೇವೆ. ಆದರೆ ಹೆಂಡತಿಯನ್ನು ಕರೆತರಲು ಈಗಲೂ ಅವಕಾಶವಿಲ್ಲ.

ಭಾವ ಬಂದೊಡನೆ ಜಗಲಿಗೆ ಎಳೆದುಕೊಂಡು ಹೋಗಿ ಕೇಳಿದೆ. "ಕೆಲಸ ಸಿಕ್ಕಿಟ್ಟು! ಆಗಿಲ್ಲೆ ಅಂತ ಸುಳ್ಳು ಯಾಕೆ ಹೇಳಿದ್ದು?"

ಅವರು ಒಳಗೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ನಿನ್ನ ಅಕ್ಕನಿಗೆ ಹೇಳ್ಬೇಡ ಮಾರಾಯ. ಗೊತ್ತಾದ್ರೆ ಹೋಗಿ ಅಂತ ಅದೇ ಹೇಳ್ತದೆ. ನಾ ಆಫ್ರಿಕಾದಿಂದ ಬಂದ ದಿನ ನಿನ್ನ ಅಕ್ಕ ಕಾಫಿ ಮಾಡಿತು. ಬಾಗಿಲ ಹತ್ರ ನಿಂತು, 'ನಿಮ್ಗೆ ಬೆಲ್ಲ ಎಷ್ಟು ಹಾಕ್ಲಿ?' ಅಂತ ಕೇಳಿತು. ಬಂದ ನೆಂಟರಿಗೆ ಕೇಳಿದ ಹಾಗೆ. ಕಟ್ಟಿಕೊಂಡ ಗಂಡನಿಗೆ!"

ಇಷ್ಟು ತಿಂಗಳೂ ಈ ಮನುಷ್ಯನನ್ನು ನೋಡಿ ನಕ್ಕವನು ನಾನು. ನಾಚಿಕೆಯಾಯಿತು. ಟೈಪ್‌ರೈಟರ್ ಎಳೆದುಕೊಂಡೆ. ಭಾವ ಹೇಳುತ್ತಾ ಹೋದರು, ಬರುವುದಿಲ್ಲವೆಂಬ ಕಾಗದವನ್ನು ನಾನೇ ಟೈಪ್ ಮಾಡಿದೆ.

ಸದ್ದು ಕೇಳಿ ಅಕ್ಕ ಒಳಗಿಂದಲೇ ಕೂಗಿದಳು, "ಇದಾದ್ರೂ ಆಗ್ತದಾ?"

"ಇಲ್ಲೆ ಅಕ್ಕ, ಇದೂ ಆಗುದಿಲ್ಲೆ" ಎಂದೆ. ನನಗೆ ಅಷ್ಟು ಸಂತೋಷ ಅದುವರೆಗೆ ಆಗಿರಲಿಲ್ಲ.