ಕೆಂಪು ಟಪಾಲು ವ್ಯಾನುಗಳ ಶೆಡ್ಡಿನಲ್ಲಿ

ನಗು ಬರೋ ಪ್ರಸಂಗಗಳು ನಮ್ಮ ಶೆಡ್ಡಿಗೆ ತಾವಾಗೇ ಹುಡುಕಿಕೊಂಡು ಬರ್ತಿದ್ವು. ನಗೋ ಸ್ಥಿತಿಯಲ್ಲಿ ನಾವೇ ಇರ್ಲಿಲ್ಲ. ದೀಪಾಂಜಲಿ ನಗರದ ಮೆಟ್ರೋ ಸ್ಟೇಷನ್ ಹಿಂದಿನ ಗಲ್ಲಿ ನಮ್ದು. ಹರಾಜಿಗೆ ಬಂದ ಹಳೇ ಟಪಾಲು ವ್ಯಾನು ಕೊಂಡು, ರಿಪೇರಿ ಮಾಡಿ ಮಾರೋದು ಕೆಲಸ. ಇಂಜಿನ್ ಓನರ್ರದ್ದು, ಪೇಂಟ್ ನಂದು. ಆ ವರ್ಷ ಓನರ್ರ ಹೆಂಡತಿ ತೀರಿಕೊಂಡಿದ್ರು. ಹದಿನೈದು ವರ್ಷ ದಾಟಿದ ಸರ್ಕಾರಿ ಗಾಡಿ ಇನ್ಮೇಲೆ ಸೀದಾ ಗುಜರಿಗೆ ಅಂತ ನಿಯಮವೂ ಬಂತು. ಮೊದಲೇ ಕೊಂಡಿಟ್ಟಿದ್ದ ಮೂರು ವ್ಯಾನು ಮಾರಿದ್ರೆ ಬಾಗಿಲು ಹಾಕೋದೇ.

ಕಾಗದ

ಇನ್ನೂ ಕೆಂಪು ಬಣ್ಣದಲ್ಲೇ ಇದ್ದ ಒಂದು ವ್ಯಾನು ರಸ್ತೇಲಿ ನಿಂತಿತ್ತು. ಒಬ್ಬ ಅಜ್ಜಿ ಬಂದು ಅದರ ಕಿಟಕಿಯೊಳಗೆ ಕವರ್ ತೂರಿಸಿದ್ರು.

"ಅಜ್ಜಿ, ಇದು ರಿಟೈರ್ ಆದ ಗಾಡಿ."

"ನಾನೂ ರಿಟೈರ್ ಆಗಿದೀನಿ ಕಣಪ್ಪಾ. ದಿನಾ ತರಕಾರಿ ತರ್ತಾ ಇಲ್ವಾ?"

ತಂಗಿಗೆ ಬರೆದ ಕಾಗದವಂತೆ. ಇಬ್ಬರಿಗೂ ಮಾತು ನಿಂತು ಎಷ್ಟೋ ವರ್ಷ. ಫೋನ್ ಮಾಡಬಾರ್ದಾ ಅಂದೆ.

"ಮಾಡಿದ್ರೆ ಕಟ್ ಮಾಡ್ತಾಳೆ. ಕಾಗದಾನ ಹೆಂಗೆ ಕಟ್ ಮಾಡ್ತಾಳೆ, ನೋಡೇ ಬಿಡ್ತೀನಿ!"

ಸಂಜೆ ನಾನೇ ಹೋಗಿ ಅಂಚೆ ಡಬ್ಬಕ್ಕೆ ಹಾಕಿದೆ. ಅಜ್ಜಿ ಸ್ಟಾಂಪ್ ಹಚ್ಚಿರ್ಲಿಲ್ಲ, ಅದೂ ನಂದೇ.

ಬನ್ನು

ಎರಡನೇ ವ್ಯಾನನ್ನ ವಿಜಯನಗರದ ಬೇಕರಿಯವರು ತಗೊಂಡ್ರು. ಮನಸ್ಸಿಲ್ಲದ ಮನಸ್ಸಲ್ಲಿ ನಾನು ಬಿಳಿ ಬಣ್ಣ ಒಂದೇ ಕೋಟ್ ಹೊಡೆದಿದ್ದೆ. ತಿಂಗಳಲ್ಲೇ ಒಳಗಿನ ಕೆಂಪು ಮೇಲೆದ್ದು, 'ಅಂಚೆ' ಅನ್ನೋ ಅಕ್ಷರವೂ ಕಾಣಿಸ್ತು. ಬೇಕರಿಯವರು ಗಾಡಿ ಸಮೇತ ಬಂದ್ರು.

"ಏನ್ರೀ ಇದು? ನಿನ್ನೆ ಒಬ್ಬರು ನಾಲ್ಕು ಬನ್ ತಗೊಂಡು, ರಿಜಿಸ್ಟರ್ಡ್ ತಾನೇ, ಎಲ್ಲಿ ಸೈನ್ ಹಾಕ್ಲಿ ಅಂತಾರೆ!"

ಕೊನೇ ಸವಾರಿ

ಮೂರನೇದು ಮಾರಾಟವಾದ ವಾರವೇ ಶೆಡ್ ಮುಚ್ಚಿದ್ವಿ. ಅದನ್ನ ಕೇಳಿಕೊಂಡು ಬಂದೋರು ಬಸವೇಶ್ವರನಗರದಲ್ಲಿರೋ, ಹಾವೇರಿ ಕಡೆಯ ಯಜಮಾನ್ರು. ಅವರ ಸಮಾಜಕ್ಕೆ ಶವ ಸಾಗಿಸೋ ಗಾಡಿ ಬೇಕಿತ್ತು.

"ನಮ್ಮಾಗ ಮಲಗಿಸಿ ಒಯ್ಯೂದಿಲ್ರೀ, ಕುಂಡ್ರಿಸಿ ಒಯ್ತೀವಿ. ತಲಿ ಬಡೀಬಾರ್ದು."

ಎರಡೂ ಪಕ್ಕ ಜಾರೋ ಗಾಜು ಹಾಕಿಸಿ, ಒಳಗೊಂದು ಕುರ್ಚಿ ಕಟ್ಟಿದ್ವಿ. ಪೂಜೆಗೆ ಅಂತ ಯಜಮಾನ್ರು ಗಾಡಿಗೆ ಚೆಂಡು ಹೂವಿನ ಹಾರ ಹಾಕಿದ್ರು. ಎತ್ತರ ಸಾಲತ್ತಾ ಅಂತ ನೋಡೋಕೆ ಓನರ್ರೇ ಒಳಗೆ ಹೋಗಿ ಚಕ್ಕಳಮಕ್ಕಳ ಹಾಕ್ಕೊಂಡು ಕೂತ್ರು. ಯಜಮಾನ್ರನ್ನ ಪಕ್ಕದಲ್ಲಿ ಕೂರಿಸ್ಕೊಂಡು ನಾನು ಮಲ್ಲತ್ತಹಳ್ಳಿ ಕಡೆ ಗಾಡಿ ಬಿಟ್ಟೆ.

ಹೆಂಡತಿ ಹೋದ ಮೇಲೆ ಓನರ್ರಿಗೆ ನಿದ್ದೆಯೇ ಇರ್ಲಿಲ್ಲ. ಆ ಕುರ್ಚೀಲಿ ಕೂತವರೇ ನಿದ್ದೆ ಹೋಗ್ಬಿಟ್ರು. ಕತ್ತು ಒಂದು ಕಡೆ, ಬಾಯಿ ಅರ್ಧ ತೆರೆದು. ಬಸ್ಸುಗಳು ದಾರಿ ಬಿಟ್ವು. ಬೈಕಿನೋರು ಹೆಲ್ಮೆಟ್ ತೆಗೆದು ಕೈ ಮುಗಿದ್ರು. ಪಾಪ, ಮಲಗ್ಲಿ ಅಂತ ನಾನೂ ಎಬ್ಬಿಸ್ಲಿಲ್ಲ.

ಸಿಗ್ನಲ್ ಹತ್ರ ಹಂಪ್ ಎಗರಿಸಿ ನಿಲ್ಲಿಸಿದೆ. ಪಕ್ಕದ ಆಟೋದವನು ಕೈ ಮುಗಿದು, "ಪಾಪ, ಏನಾಗಿತ್ತಣ್ಣಾ?" ಅಂದ.

ಎಚ್ಚರವಾದ ಓನರ್ರು ಗಾಜು ಸರಿಸಿ, "ನಿದ್ದೆ ಬಂದಿತ್ತು ಕಣಪ್ಪಾ. ಇದ್ಯಾವ ಏರಿಯಾ?" ಅಂದ್ರು.

ಅವನು ಆಟೋ ಅಲ್ಲೇ ಬಿಟ್ಟು ಓಡಿದ.

ಓನರ್ರು ನಕ್ಕರು ನೋಡಿ. ನಕ್ಕು ನಕ್ಕು ಅತ್ರು; ಅವರ ಜೊತೆ ನಾನೂ ಅತ್ತೆ. ಯಜಮಾನ್ರು ಮಾತ್ರ ನಗ್ಲಿಲ್ಲ.

"ಎತ್ತರ ಸಾಕ್ರೀ. ಆದ್ರ ಸಸ್ಪೆನ್ಷನ್ ಒಂಚೂರು ನೋಡ್ರಿ. ಹಿಂಗ ಕುಲುಕಿದ್ರ ನಮ್ಮೋರೆಲ್ಲ ಎದ್ದು ಮನೀಗೆ ಬಂದ್ಬಿಡ್ತಾರ!"