ಸುಗತನ್ ಬಿಡಿಸಿದ ಗಂಟು

ಮೂರು ಗಂಟೆಗೆ ದೊಡ್ಡವರ ಹತ್ತನೇ ಕ್ಲಾಸಿನ ಫಲಿತಾಂಶ ಎಂದು ಪೇಪರಿನಲ್ಲಿ ಬಂದದ್ದೇ ತಡ, ಸುಗತನ್‌ನ ಫೋನು ಬಡಿದುಕೊಳ್ಳತೊಡಗಿತು. ಕೇರಳದ ಪಿರವಂ ಪೇಟೆಯ ಮುನ್ನೂರು ಮನೆಗಳಿಗೆ ನೆಟ್ ಕೊಡುವವನು ಅವನೇ. ಶಾಲೆ ಬಿಟ್ಟು ಮೂವತ್ತು ವರ್ಷವಾದ ಮೇಲೆ ಪರೀಕ್ಷೆ ಬರೆದವರೂ ಆ ಮನೆಗಳಲ್ಲೇ ಇದ್ದರು. ಕಳೆದ ವರ್ಷ ಪುಟ ತೆರೆಯಲಿಲ್ಲವೆಂದು ಎಲ್ಲರೂ ಒತ್ತಿದ್ದನ್ನೇ ಒತ್ತಿ, ಓಣಂಗೆ ಮುಂಚಿನ ಚಿಪ್ಸ್ ಅಂಗಡಿಯಂತೆ ನೆಟ್ಟಿನ ಲೈನು ಕಟ್ಟಿಕೊಂಡು, ಕತ್ತಲಾಗುವವರೆಗೆ ಯಾರಿಗೂ ಏನೂ ಕಾಣಿಸಿರಲಿಲ್ಲ.

ಈ ಸಲ ಸುಗತನ್ ಸಿದ್ಧನಾಗಿದ್ದ. ಪ್ರತಿ ಮನೆಗೂ ಸಮಪಾಲು. ಲೈನು ತುಂಬುವ ಮೊದಲೇ ಎಲ್ಲರ ವೇಗವೂ ತುಸು ತಗ್ಗುವಂತೆ ತನ್ನ ಆಫೀಸಿನ ನೆಟ್ ಪೆಟ್ಟಿಗೆಗೆ ಕಟ್ಟಪ್ಪಣೆ ಮಾಡಿದ್ದ.

ಹಮಾಲಿ ಪಾಪ್ಪಚ್ಚನ್ ಬಂದು, ತನ್ನ ಮನೆಗೊಂದು ಬೇರೆ ದಾರಿ ಬಿಡು ಎಂದ. ಊರಿಗೆಲ್ಲ ಅಕ್ಕನಾದ ಹೊಲಿಗೆಯ ತಂಗಮ್ಮ ಚೇಚಿ ಹಲಸಿನ ಹಪ್ಪಳದ ಕಟ್ಟನ್ನೇ ತಂದಿಟ್ಟಳು.

"ಎಲ್ರೂ ಮುಂದೆ ನುಗ್ಗಿದ್ರೆ ಯಾರೂ ಮುಂದೆ ಹೋಗಲ್ಲ ಚೇಚಿ. ಒಂದು ಸಲ ಒತ್ತಿ, ಸುಮ್ನೆ ಕೂತ್ಕೊಳ್ಳಿ," ಎಂದು ಸುಗತನ್ ಹಪ್ಪಳವನ್ನು ಹಿಂದಿರುಗಿಸಿದ.

ಅವಳು ಕೂತೇಬಿಟ್ಟಳು, ಅವನ ಆಫೀಸಿನಲ್ಲೇ. ಪೆಟ್ಟಿಗೆಯ ಹತ್ತಿರವಿದ್ದರೆ ಫಲಿತಾಂಶ ಬೇಗ ಬರುತ್ತದೆಂದು ಅವಳ ಲೆಕ್ಕ. ಮಾತು ಹಬ್ಬಿತು. ಎರಡೂವರೆಗೆಲ್ಲ ಆ ಕೋಣೆಯಲ್ಲಿ ಹದಿನೆಂಟು ಜನ. ಪಾಪ್ಪಚ್ಚನ್ ಒರಗಿದ ಭಾರಕ್ಕೆ ಪೆಟ್ಟಿಗೆಯ ಪ್ಲಗ್ಗು ಕಿತ್ತುಬಂತು. ಸುಗತನ್ ಮೇಜಿನಡಿ ತೆವಳಿ, ಯಾರದೋ ಕೊಡೆಯಿಂದ ತಿವಿಸಿಕೊಂಡು, ಮೂರಕ್ಕೆ ಎರಡು ನಿಮಿಷವಿರುವಾಗ ಅದನ್ನು ಮತ್ತೆ ಸಿಕ್ಕಿಸಿದ.

ಮೂರು ಹೊಡೆಯಿತು. ಎಲ್ಲರೂ ಒಮ್ಮೆ ಒತ್ತಿ ಉಸಿರು ಬಿಗಿಹಿಡಿದರು. ಹತ್ತೇ ಸೆಕೆಂಡು. ಒಬ್ಬರದೂ ಬಿಡದೆ ಹದಿನೆಂಟು ಫೋನಿನಲ್ಲೂ ಪುಟ ತೆರೆಯಿತು. ತಂಗಮ್ಮ ಪಾಸು, ಪಾಪ್ಪಚ್ಚನ್ ಪಾಸು. ಸುಗತನ್‌ನ ಎದೆ ಉಬ್ಬಿತು.

ಲೈನು ಅಷ್ಟು ಸಲೀಸಾಗಿದ್ದುದರಿಂದ ಪಾಪ್ಪಚ್ಚನ್ ಜಿಲ್ಲೆಯ ಇಡೀ ಪಟ್ಟಿಯನ್ನೇ ಇಳಿಸಿಕೊಂಡು, ಫೇಲಾದವರ ಹೆಸರುಗಳನ್ನು ಗಟ್ಟಿಯಾಗಿ ಓದತೊಡಗಿದ. ಒಂದು ಹೆಸರಿಗೆ ಬಂದು ನಿಂತ.

"ಸುಗತನ್, ತೋಟ್ಟತ್ತಿಲ್ ಮನೆ. ಇದು ನೀನೇ ಅಲ್ವೇನೋ?"

ಪಕ್ಕದ ತಾಲ್ಲೂಕಿನ ಕೇಂದ್ರಕ್ಕೆ ಹೋಗಿ, ಹೆಂಡತಿಗೂ ಹೇಳದೆ ಬರೆದ ಪರೀಕ್ಷೆ. ಸುಗತನ್ ಪ್ಲಗ್ಗು ನೋಡುವವನಂತೆ ಮತ್ತೆ ಮೇಜಿನಡಿ ಬಗ್ಗಿದ.

"ಎಲ್ಲದ್ರಲ್ಲೂ ಪಾಸು," ಪಾಪ್ಪಚ್ಚನ್ ಫೋನನ್ನು ಕಣ್ಣಿಗೆ ಹತ್ತಿರ ಹಿಡಿದ. "ಕಂಪ್ಯೂಟರಲ್ಲಿ ಮಾತ್ರ ಫೇಲು."

ಯಾರೂ ನಗಲಿಲ್ಲ, ಅದೇ ಅವನಿಗೆ ಹೆಚ್ಚು ಚುಚ್ಚಿತು. ತಂಗಮ್ಮ ಚೇಚಿ ಹಪ್ಪಳದ ಕಟ್ಟನ್ನು ಮತ್ತೆ ಅವನ ಮುಂದೆ ಸರಿಸಿದಳು.

"ಬೇಜಾರು ಮಾಡ್ಕೋಬೇಡ ಮಗಾ. ನಾಳೆಯಿಂದ ಸಂಜೆ ಮನೆಗೆ ಬಾ. ಕಂಪ್ಯೂಟರ್ ನಾನು ಹೇಳ್ಕೊಡ್ತೀನಿ."